ರೇಡಿಯೇಷನ್ ಡಾಕ್ಟರ್ ಆಗುವುದು ಹೇಗೆ? ಕೊಡಗಿನ ಮಕ್ಕಳು, ಹೆತ್ತವರು ಪದೇ ಪದೇ ಕೇಳುವ ಪ್ರಶ್ನೆಗಳು

ಕ್ಯಾನ್ಸರ್‌ಗೆ ರೇಡಿಯೇಷನ್ ಚಿಕಿತ್ಸೆ ಕೊಡುವ ಡಾಕ್ಟರ್ ನಾನು. ಊರು ಕೊಡಗು, ಕೆಲಸ ಮೈಸೂರಿನಲ್ಲಿ. ಮದುವೆ ಮನೆಗಳಲ್ಲಿ, ಹುತ್ತರಿಗೆ ಊರಿಗೆ ಬಂದಾಗ, ಪಿಯು ಕಾಲೇಜುಗಳಲ್ಲಿ ಮಾತಾಡಲು ಹೋದಾಗ ಮಕ್ಕಳು, ಹೆತ್ತವರು ಕೇಳುವ ಪ್ರಶ್ನೆಗಳು ಹೆಚ್ಚುಕಡಿಮೆ ಇವೇ. ಕಾಗದ ಬರೆದು ಕೇಳಿದವರೂ ಇದ್ದಾರೆ. ಅವರವರ ಮಾತಿನಲ್ಲೇ ಪ್ರಶ್ನೆಗಳನ್ನು ಇಟ್ಟಿದ್ದೇನೆ. ಮೊದಲ ಭಾಗ ಪಿಯು ಮಕ್ಕಳಿಗೆ, ಎರಡನೆಯದು ಎಂಬಿಬಿಎಸ್ ಓದುವವರಿಗೆ, ಕೊನೆಯದು ಎಂಡಿಗೆ ಸೇರಿದವರಿಗೆ. ನಿಮಗೆ ಬೇಕಾದ್ದನ್ನಷ್ಟೇ ಓದಿಕೊಳ್ಳಬಹುದು.

## ಪಿಯು ಮಕ್ಕಳಿಗೆ, ಹೆತ್ತವರಿಗೆ

ರೇಡಿಯೇಷನ್ ಡಾಕ್ಟರ್ ಅಂದ್ರೆ ಎಕ್ಸ್‌ರೇ, ಸ್ಕ್ಯಾನ್ ನೋಡೋರಾ?

ಅಲ್ಲ. ಸ್ಕ್ಯಾನ್ ನೋಡಿ ರೋಗ ಏನೆಂದು ಹೇಳುವವರು ರೇಡಿಯಾಲಜಿಸ್ಟ್. ಅವರ ಎಂಡಿ ಬೇರೆ, ನಮ್ಮ ಎಂಡಿ ಬೇರೆ. ನಾವು ಅದೇ ಜಾತಿಯ ಕಿರಣವನ್ನು ತುಂಬಾ ಹೆಚ್ಚು ಶಕ್ತಿಯಲ್ಲಿ ಬಳಸಿ ಕ್ಯಾನ್ಸರ್‌ಗೆ ಚಿಕಿತ್ಸೆ ಕೊಡುತ್ತೇವೆ. ನಮಗೆ ಒಪಿಡಿ ಇದೆ, ವಾರ್ಡ್ ಇದೆ, ವರ್ಷಗಟ್ಟಲೆ ಬರುವ ರೋಗಿಗಳಿದ್ದಾರೆ. ಭಾರತದಲ್ಲಿ ಎಷ್ಟೋ ಕಡೆ ರೇಡಿಯೇಷನ್ ಜೊತೆಗೆ ಕೊಡುವ ಕೀಮೋವನ್ನೂ ನಾವೇ ನೋಡಿಕೊಳ್ಳುತ್ತೇವೆ.

ಕರೆಂಟ್ ಕೊಡೋದು ಮೆಷಿನ್ ಅಲ್ವಾ? ಡಾಕ್ಟರ್‌ಗೆ ಏನು ಕೆಲಸ?

ಜನ ಕರೆಂಟ್ ಎಂದು ಕರೆಯುವುದು ರೇಡಿಯೇಷನನ್ನೇ. ಈ ಪ್ರಶ್ನೆಗೆ ಸ್ವಲ್ಪ ಉದ್ದ ಉತ್ತರ ಕೊಡುತ್ತೇನೆ. ಇದು ಅರ್ಥವಾದರೆ ಈ ವೃತ್ತಿಯೇ ಅರ್ಥವಾದಂತೆ.

ಕೆನ್ನೆಯೊಳಗೆ ಗಡ್ಡೆ ಇರುವ ಒಬ್ಬ ರೋಗಿ ಬಂದರು ಅಂದುಕೊಳ್ಳಿ. ಎಲೆ-ಅಡಿಕೆ, ಹೊಗೆಸೊಪ್ಪಿನ ಅಭ್ಯಾಸ ಇರುವವರಲ್ಲಿ ಇದು ಜಾಸ್ತಿ. ನಮ್ಮ ತೋಟದ ಲೈನ್ ಮನೆಗಳಿಂದ ಬರುವವರಲ್ಲಿ ನಾನು ಇದನ್ನು ಮತ್ತೆ ಮತ್ತೆ ನೋಡುತ್ತೇನೆ. ಆಪರೇಷನ್ ಮೊದಲೋ, ರೇಡಿಯೇಷನ್ ಮೊದಲೋ ಎಂದು ಸರ್ಜನ್ ಜೊತೆ ಕೂತು ತೀರ್ಮಾನಿಸಬೇಕು. ರೇಡಿಯೇಷನ್ ಎಂದಾದರೆ ರೋಗಿಯ ಮುಖಕ್ಕೆ ಸರಿಯಾಗಿ ಹೊಂದುವ ಪ್ಲಾಸ್ಟಿಕ್ ಮಾಸ್ಕ್ ಮಾಡಿ, ಅದನ್ನು ಹಾಕಿಸಿ, ಅಲುಗದ ಹಾಗೆ ಮಲಗಿಸಿ ಸಿಟಿ ತೆಗೆಯುತ್ತೇವೆ. ಆ ಸಿಟಿಯ ಒಂದೊಂದು ಪದರದ ಮೇಲೂ ಡಾಕ್ಟರ್ ತನ್ನ ಕೈಯಿಂದ ಗೆರೆ ಎಳೆಯಬೇಕು. ಕಣ್ಣಿಗೆ ಕಾಣುವ ಗಡ್ಡೆಗೆ ಒಂದು ಗೆರೆ. ಕಾಣದೆ ಹರಡಿರಬಹುದಾದ ಜಾಗಕ್ಕೆ ಇನ್ನೊಂದು. ದಿನದಿನದ ಸಣ್ಣ ಅಲುಗಾಟ ಲೆಕ್ಕ ಹಿಡಿದು ಅದರ ಸುತ್ತ ಮತ್ತೊಂದು. ಆಮೇಲೆ ಕಾಪಾಡಬೇಕಾದ ಅಂಗಗಳು: ಬೆನ್ನುಹುರಿ, ಜೊಲ್ಲಿನ ಗ್ರಂಥಿ, ದವಡೆ, ಕಣ್ಣಿನ ನರ. ಡೋಸ್ ಅಳೆಯುವ ಮಾನಕ್ಕೆ ಗ್ರೇ ಎನ್ನುತ್ತೇವೆ. ಗಡ್ಡೆಗೆ 60ರಿಂದ 70 ಗ್ರೇ ಬೇಕು. ಅದರ ಪಕ್ಕದಲ್ಲೇ ಇರುವ ಬೆನ್ನುಹುರಿಗೆ ಸಾಮಾನ್ಯವಾಗಿ 45 ಗ್ರೇ ದಾಟಬಾರದು. ಜೊಲ್ಲಿನ ಗ್ರಂಥಿಗೆ ಸರಾಸರಿ 26 ಗ್ರೇ ಒಳಗಿದ್ದರೆ ಬಾಯಿ ಒಣಗುವುದು ಕಡಿಮೆ.

ಮೆಡಿಕಲ್ ಫಿಸಿಸಿಸ್ಟ್ ಕಂಪ್ಯೂಟರಿನಲ್ಲಿ ಪ್ಲ್ಯಾನ್ ಮಾಡಿಕೊಡುತ್ತಾರೆ. ಅದನ್ನು ಒಪ್ಪುವುದೋ, ತಿದ್ದಿಸುವುದೋ ಡಾಕ್ಟರ್ ಜವಾಬ್ದಾರಿ. ರೋಗಿ ಮೆಷಿನ್ ಕೆಳಗೆ ಮಲಗುವುದು ದಿನಕ್ಕೆ ಹತ್ತು-ಹದಿನೈದು ನಿಮಿಷ, ಕಿರಣ ಬೀಳುವುದು ಕೆಲವೇ ನಿಮಿಷ. ಅದರ ಹಿಂದಿನ ತಯಾರಿಗೆ ಹಲವು ದಿನ ಬೇಕು. ಆಮೇಲೆ ಆರೇಳು ವಾರ, ಬಾಯಿ ಹುಣ್ಣಾದಾಗ, ಊಟ ಇಳಿಯದಾಗ, ತೂಕ ಇಳಿದಾಗ ಜೊತೆಗಿರಬೇಕಾದವರೂ ನಾವೇ. ಎಲ್ಲಿಗೆ ಡೋಸ್ ಬೀಳಬೇಕು, ಎಲ್ಲಿಗೆ ಬೀಳಬಾರದು ಎಂಬ ತೀರ್ಮಾನವೇ ನಮ್ಮ ವಿದ್ಯೆ.

ಒಟ್ಟು ಎಷ್ಟು ವರ್ಷ ಓದ್ಬೇಕು ಸರ್?

ಪಿಯು ಆದ ಮೇಲೆ ನೀಟ್ ಬರೆದು ಎಂಬಿಬಿಎಸ್. ನಾಲ್ಕೂವರೆ ವರ್ಷ ಓದು, ಒಂದು ವರ್ಷ ಇಂಟರ್ನ್‌ಶಿಪ್. ಆಮೇಲೆ ನೀಟ್ ಪಿಜಿ ಬರೆದು ರೇಡಿಯೇಷನ್ ಆಂಕಾಲಜಿಯಲ್ಲಿ ಮೂರು ವರ್ಷದ ಎಂಡಿ, ಅಥವಾ ಅದಕ್ಕೆ ಸಮನಾದ ಡಿಎನ್‌ಬಿ. ಬರೀ ಓದೇ ಎಂಟೂವರೆ ವರ್ಷ. ನಡುವೆ ಪರೀಕ್ಷೆ ತಯಾರಿ, ಕೌನ್ಸೆಲಿಂಗ್, ಸರ್ಕಾರಿ ಸೇವೆಯ ನಿಯಮ ಇದ್ದರೆ ಅದು, ಎಂಡಿ ಆದ ಮೇಲೆ ಸೀನಿಯರ್ ರೆಸಿಡೆನ್ಸಿ ಎಲ್ಲ ಸೇರಿಸಿದರೆ ಕಾಲೂರಿ ನಿಲ್ಲುವಾಗ ಮೂವತ್ತರ ಹತ್ತಿರ ಬಂದಿರುತ್ತೀರಿ. ಹೆತ್ತವರು ಇದನ್ನು ಮೊದಲೇ ತಿಳಿದಿದ್ದರೆ ನಡುವೆ 'ಇನ್ನೂ ಎಷ್ಟು ಓದ್ತೀಯ' ಎಂದು ಮಕ್ಕಳನ್ನು ಕೇಳಬೇಕಾಗುವುದಿಲ್ಲ.

ಮಗಳು ಗಣಿತದಲ್ಲಿ ಅಷ್ಟಕ್ಕಷ್ಟೇ. ಇದರಲ್ಲಿ ಫಿಸಿಕ್ಸ್ ಜಾಸ್ತಿ ಅಂತಾರಲ್ಲ?

ಎಂಡಿ ಮೊದಲ ವರ್ಷದಲ್ಲಿ ಫಿಸಿಕ್ಸ್ ಸಾಕಷ್ಟಿದೆ, ನಿಜ. ಆದರೆ ಲೆಕ್ಕ ಬಂದರೂ ಅದು ಕೂಡಿ ಕಳೆದು ಗುಣಿಸುವ ಮಟ್ಟದ್ದೇ ಜಾಸ್ತಿ. ನೀಟ್‌ಗೆ ಗಣಿತ ಬೇಕಾಗಿಲ್ಲ. ಫಿಸಿಕ್ಸ್, ಕೆಮಿಸ್ಟ್ರಿ, ಬಯಾಲಜಿ ಸಾಕು. ಪಿಯುನಲ್ಲಿ ಫಿಸಿಕ್ಸ್ ಪಾಠವನ್ನು ಬಾಯಿಪಾಠ ಮಾಡದೆ ಅರ್ಥ ಮಾಡಿಕೊಂಡು ಓದುವ ಮಗುವಿಗೆ ಭಯ ಬೇಡ.

ನಾವು ಗೋಣಿಕೊಪ್ಪ ಕಡೆ ಹಳ್ಳಿಯವರು, ಹುಡುಗ ಕನ್ನಡ ಮೀಡಿಯಂ. ಮಡಿಕೇರಿ ಕಾಲೇಜಲ್ಲೇ ಓದೋಕಾಗುತ್ತಾ?

ಮಡಿಕೇರಿಯ ಸರ್ಕಾರಿ ಮೆಡಿಕಲ್ ಕಾಲೇಜು 2016ರಲ್ಲಿ ಶುರುವಾಯಿತು. ರಾಜ್ಯದ ಸೀಟುಗಳಲ್ಲಿ ಗ್ರಾಮೀಣ ಮೀಸಲಾತಿ, ಕನ್ನಡ ಮಾಧ್ಯಮ ಮೀಸಲಾತಿ ಎರಡೂ ಇವೆ. ಒಂದರಿಂದ ಹತ್ತನೇ ತರಗತಿವರೆಗಿನ ಓದಿನ ದಾಖಲೆ ಅದಕ್ಕೆ ಬೇಕು. ಶಾಲೆಯ ಸರ್ಟಿಫಿಕೇಟು, ಬಿಇಒ ಕಚೇರಿಯ ಸಹಿ ಇವನ್ನು ಪಿಯು ಓದುವಾಗಲೇ ಮಾಡಿಸಿಟ್ಟುಕೊಳ್ಳಿ. ಜೂನ್-ಜುಲೈ ಮಳೆಯಲ್ಲಿ ಕಚೇರಿ ಕಚೇರಿ ಅಲೆಯುವುದು ನಮ್ಮ ಜಿಲ್ಲೆಯಲ್ಲಿ ಸುಲಭವಲ್ಲ.

ಯಾವ ಕಾಲೇಜಿನಲ್ಲಿ ಎಂಬಿಬಿಎಸ್ ಮಾಡಿದರೂ ರೇಡಿಯೇಷನ್ ಆಂಕಾಲಜಿಗೆ ಹೋಗಬಹುದು. ಮಡಿಕೇರಿಯಲ್ಲಿ ಓದಿದರೆ ಒಂದು ಲಾಭವಿದೆ: ಮುಂದೆ ನೀವು ಚಿಕಿತ್ಸೆ ಕೊಡುವ ಜನರ ಮಾತು, ಊಟ, ಬದುಕು ಎಲ್ಲ ಕಣ್ಣೆದುರೇ ಇರುತ್ತದೆ. ಕನ್ನಡ, ಕೊಡವ, ಅರೆಭಾಷೆ, ಮಲಯಾಳಂ, ತಮಿಳು, ಎರವ ಎಲ್ಲವೂ ಒಂದೇ ವಾರ್ಡಿನಲ್ಲಿ ಕಿವಿಗೆ ಬೀಳುವುದು ಸಣ್ಣ ಸಂಪತ್ತಲ್ಲ.

ಮೆಡಿಕಲ್ ಸೀಟು ಸಿಗದಿದ್ದರೆ ಬೇರೆ ದಾರಿ ಇಲ್ವಾ?

ಎರಡಿವೆ, ಎರಡೂ ಒಳ್ಳೆಯವೇ. ಒಂದು, ರೇಡಿಯೋಥೆರಪಿ ಟೆಕ್ನಾಲಜಿಯಲ್ಲಿ ಬಿಎಸ್ಸಿ. ಪಿಯು ಸೈನ್ಸ್ ಆದವರು ಸೇರಬಹುದು. ದಿನಾ ರೋಗಿಯನ್ನು ಮಲಗಿಸಿ, ಜಾಗ ಸರಿಮಾಡಿ ಮೆಷಿನ್ ನಡೆಸುವವರು ಇವರೇ. ಇನ್ನೊಂದು, ಮೆಡಿಕಲ್ ಫಿಸಿಸಿಸ್ಟ್. ಬಿಎಸ್ಸಿ ಫಿಸಿಕ್ಸ್, ಎಂಎಸ್ಸಿ ಫಿಸಿಕ್ಸ್ ಮಾಡಿ ಮುಂಬೈನ ಭಾಭಾ ಅಣು ಸಂಶೋಧನಾ ಕೇಂದ್ರದ ರೇಡಿಯಾಲಜಿಕಲ್ ಫಿಸಿಕ್ಸ್ ಡಿಪ್ಲೊಮಾ ಮಾಡಬಹುದು. ಇಲ್ಲವೇ ನೇರವಾಗಿ ಮೆಡಿಕಲ್ ಫಿಸಿಕ್ಸ್ ಎಂಎಸ್ಸಿ ಮಾಡಬಹುದು. ಆಮೇಲೆ ಆಸ್ಪತ್ರೆಯಲ್ಲಿ ಇಂಟರ್ನ್‌ಶಿಪ್ ಇರುತ್ತದೆ. ಫಿಸಿಸಿಸ್ಟ್ ಇಲ್ಲದೆ ರೇಡಿಯೇಷನ್ ವಿಭಾಗ ನಡೆಸಲು ಅನುಮತಿಯೇ ಸಿಗುವುದಿಲ್ಲ. ಫಿಸಿಕ್ಸ್ ಓದಿದರೆ ಮೇಷ್ಟ್ರ ಕೆಲಸ ಮಾತ್ರ ಎಂದುಕೊಂಡಿರುವ ಮಕ್ಕಳಿಗೆ ಇದನ್ನು ಯಾರಾದರೂ ಹೇಳಬೇಕು.

ಹುಡುಗಿಯರಿಗೆ ಈ ಕೆಲಸ ಅಪಾಯ ಅಲ್ವಾ? ನಾಳೆ ಮಕ್ಕಳಾಗೋದಕ್ಕೆ ತೊಂದರೆ ಆದ್ರೆ?

ಅಜ್ಜಿಯಂದಿರು ಕೇಳುವ ಪ್ರಶ್ನೆ, ಕಾಳಜಿಯಿಂದಲೇ ಕೇಳುತ್ತಾರೆ. ನಿಯಮ ಪಾಲಿಸುವ ವಿಭಾಗದಲ್ಲಿ ಹೆದರುವ ಕಾರಣವಿಲ್ಲ. ಈಗಿನ ಮುಖ್ಯ ಮೆಷಿನ್ ಲಿನ್ಯಾಕ್ ಕರೆಂಟಿನಿಂದ ಕಿರಣ ಹುಟ್ಟಿಸುತ್ತದೆ. ಚಿಕಿತ್ಸೆ ನಿಂತರೆ ಕಿರಣವೂ ನಿಂತಿತು. ಚಿಕಿತ್ಸೆ ನಡೆಯುವಾಗ ರೋಗಿ ಬಿಟ್ಟರೆ ಆ ಕೋಣೆಯಲ್ಲಿ ಯಾರೂ ಇರುವುದಿಲ್ಲ. ಸುತ್ತ ದಪ್ಪ ಕಾಂಕ್ರೀಟ್ ಗೋಡೆ, ಬಾಗಿಲು ತೆರೆದರೆ ಕಿರಣ ತಾನಾಗಿ ನಿಲ್ಲುತ್ತದೆ. ನಮ್ಮ ಎದೆಯ ಮೇಲೆ ಟಿಎಲ್‌ಡಿ ಬ್ಯಾಡ್ಜ್ ಇರುತ್ತದೆ. ಮೂರು ತಿಂಗಳಿಗೊಮ್ಮೆ ಅದನ್ನು ಕಳಿಸಿ, ಯಾರಿಗೆ ಎಷ್ಟು ಕಿರಣ ತಗುಲಿತು ಎಂದು ಲೆಕ್ಕ ಇಡುತ್ತಾರೆ. ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮದಂತೆ ಐದು ವರ್ಷದ ಸರಾಸರಿ ವರ್ಷಕ್ಕೆ 20 ಮಿಲಿಸೀವರ್ಟ್ (ಮೈಗೆ ತಗುಲಿದ ಕಿರಣ ಅಳೆಯುವ ಮಾನ), ಯಾವ ಒಂದು ವರ್ಷದಲ್ಲೂ 30 ದಾಟಬಾರದು. ಬಸಿರು ಎಂದು ತಿಳಿಸಿದ ಮೇಲೆ ಹೊಟ್ಟೆಯ ಮಗುವಿಗೆ ಉಳಿದ ತಿಂಗಳುಗಳಲ್ಲಿ 1 ಮಿಲಿಸೀವರ್ಟ್ ಮಿತಿ. ಹಾಗಾಗಿ ಬಸಿರಾದ ಕೂಡಲೇ ವಿಭಾಗಕ್ಕೆ ತಿಳಿಸಬೇಕು, ಅದಕ್ಕೆ ತಕ್ಕ ಕೆಲಸ ಹಂಚುತ್ತಾರೆ.

ಇನ್ನೊಂದು ಮಾತು. ಹೊರಗಿನಿಂದ ರೇಡಿಯೇಷನ್ ತೆಗೆದುಕೊಂಡ ರೋಗಿಯ ಮೈಯಿಂದ ಕಿರಣ ಬರುವುದಿಲ್ಲ. ಅವರು ಮೊಮ್ಮಕ್ಕಳನ್ನು ಎತ್ತಿಕೊಳ್ಳಬಹುದು, ಜೊತೆಗೆ ಕೂತು ಊಟ ಮಾಡಬಹುದು. ಚಿಕಿತ್ಸೆ ಮುಗಿಸಿ ಬಂದವರನ್ನು ದೂರ ಕೂರಿಸುವ ಮನೆಗಳು ಈಗಲೂ ಇವೆ. ದಯವಿಟ್ಟು ಹಾಗೆ ಮಾಡಬೇಡಿ.

## ಎಂಬಿಬಿಎಸ್ ಓದುತ್ತಿರುವವರಿಗೆ

ರ‍್ಯಾಂಕ್ ಕಡಿಮೆ ಬಂದವರು ತಗೊಳ್ಳೋ ಸೀಟು ಅಂತಾರೆ. ನಿಜನಾ?

ರ‍್ಯಾಂಕ್ ವಿಷಯ ನಿಜ. ರೇಡಿಯೋ ಡಯಾಗ್ನೋಸಿಸ್, ಜನರಲ್ ಮೆಡಿಸಿನ್, ಡರ್ಮಟಾಲಜಿ ಮೊದಲು ಖಾಲಿಯಾಗುತ್ತವೆ. ನಮ್ಮದು ತಡವಾಗಿ ತುಂಬುತ್ತದೆ, ಕೆಲವೊಮ್ಮೆ ಸೀಟು ಉಳಿಯುವುದೂ ಉಂಟು. ಕಾರಣ ಸರಳ. ಎಂಬಿಬಿಎಸ್‌ನಲ್ಲಿ ಈ ವಿಭಾಗವನ್ನು ಹತ್ತಿರದಿಂದ ಕಂಡವರೇ ಕಡಿಮೆ. ನೋಡದಿರುವುದನ್ನು ಯಾರು ಆರಿಸುತ್ತಾರೆ?

ಬೇರೆ ಸೀಟು ಸಿಗದೆ ಬಂದು ಈ ಕೆಲಸವನ್ನು ಪ್ರೀತಿಸಿದವರನ್ನು ಕಂಡಿದ್ದೇನೆ. ಒಂದು ವರ್ಷ ಮನಸ್ಸಿಲ್ಲದೆ ಕಳೆದು ಬಿಟ್ಟು ಹೋದವರನ್ನೂ ಕಂಡಿದ್ದೇನೆ. ಆದ್ದರಿಂದ ನನ್ನ ಸಲಹೆ ಒಂದೇ. ಕೌನ್ಸೆಲಿಂಗ್‌ಗೆ ಮೊದಲು ಯಾವುದಾದರೂ ರೇಡಿಯೇಷನ್ ವಿಭಾಗದಲ್ಲಿ ಒಂದು ವಾರ ಕೂತು ನೋಡಿ. ಮೈಸೂರು, ಮಂಗಳೂರು ಎರಡೂ ಕಡೆ ಇವೆ. ವಿರಾಜಪೇಟೆ ಕಡೆಯವರಿಗೆ ಮಾಕುಟ್ಟ ಘಾಟಿ ಇಳಿದರೆ ಕೇರಳದ ತಲಶ್ಶೇರಿಯ ಮಲಬಾರ್ ಕ್ಯಾನ್ಸರ್ ಸೆಂಟರ್ ಹತ್ತಿರ. ಮುಂಚೆ ಕಾಗದ ಬರೆದು ಕೇಳಿದರೆ ಬೇಡ ಅನ್ನುವವರು ಕಡಿಮೆ.

ಎಂಡಿ ಒಳ್ಳೆಯದಾ, ಡಿಎನ್‌ಬಿ ಒಳ್ಳೆಯದಾ? ಕಾಲೇಜು ಆರಿಸುವಾಗ ಏನು ನೋಡ್ಬೇಕು?

ಎರಡಕ್ಕೂ ಬೆಲೆ ಒಂದೇ, ಎರಡಕ್ಕೂ ನೀಟ್ ಪಿಜಿಯೇ ದಾರಿ. ಏಮ್ಸ್, ಚಂಡೀಗಢದ ಪಿಜಿಐ, ಪುದುಚೇರಿಯ ಜಿಪ್‌ಮರ್ ಇಂಥ ಕೆಲವು ಕೇಂದ್ರ ಸಂಸ್ಥೆಗಳಿಗೆ ಐಎನ್‌ಐ-ಸಿಇಟಿ ಎಂಬ ಬೇರೆ ಪರೀಕ್ಷೆ. ನಮ್ಮ ರಾಜ್ಯದಲ್ಲಿ 1973ರಲ್ಲಿ ಶುರುವಾದ ಬೆಂಗಳೂರಿನ ಕಿದ್ವಾಯಿ ಸಂಸ್ಥೆ ದೊಡ್ಡದು. ಸೇಂಟ್ ಜಾನ್ಸ್, ಮಣಿಪಾಲದ ಕೆಎಂಸಿಯಲ್ಲೂ ಓದಬಹುದು. ಖಾಸಗಿ ಮತ್ತು ಡೀಮ್ಡ್ ಸೀಟಿನ ಫೀಸು ಮೊದಲೇ ವಿಚಾರಿಸಿ. ತೋಟ ಅಡವಿಟ್ಟು ಸೇರುವಂಥ ಸೀಟು ಇದಲ್ಲ ಎನ್ನುವುದು ನನ್ನ ಗಟ್ಟಿ ಅಭಿಪ್ರಾಯ.

ಕಾಲೇಜಿನ ಹೆಸರಿಗಿಂತ ಮುಖ್ಯವಾದುದನ್ನು ಅಲ್ಲಿ ಓದುತ್ತಿರುವವರನ್ನೇ ಕೇಳಿ. ಲಿನ್ಯಾಕ್ ಇದೆಯಾ, ಹಳೆಯ ಕೋಬಾಲ್ಟ್ ಮೆಷಿನ್ ಮಾತ್ರವಾ? ಬ್ರಾಕಿಥೆರಪಿ, ಅಂದರೆ ದೇಹದೊಳಗೇ ಕಿರಣ ಹೊಮ್ಮುವ ಮೂಲವಿಟ್ಟು ಕೊಡುವ ಚಿಕಿತ್ಸೆ, ವಾರಕ್ಕೆ ಎಷ್ಟು ನಡೆಯುತ್ತದೆ? ಅದಕ್ಕೆ ಬಳಸುವ ಇರಿಡಿಯಂ ಸುಮಾರು 74 ದಿನಕ್ಕೆ ಅರ್ಧ ಶಕ್ತಿ ಕಳೆದುಕೊಳ್ಳುತ್ತದೆ, ಮೂರು-ನಾಲ್ಕು ತಿಂಗಳಿಗೊಮ್ಮೆ ಹೊಸದು ತರಿಸಬೇಕು. ಎಷ್ಟು ದಿನ ಮೂಲವಿಲ್ಲದೆ ಮೆಷಿನ್ ಸುಮ್ನೆ ನಿಂತಿರುತ್ತದೆ ಎಂದು ಕೇಳಿದರೆ ವಿಭಾಗದ ನಿಜಸ್ಥಿತಿ ತಿಳಿಯುತ್ತದೆ. ಗರ್ಭಕೊರಳಿನ ಕ್ಯಾನ್ಸರ್‌ಗೆ ಬ್ರಾಕಿಥೆರಪಿ ಕೈಯಾರೆ ಮಾಡಿ ಕಲಿಯದೆ ಹೊರಬಂದವರು ಆಮೇಲೆ ತುಂಬಾ ಕಷ್ಟಪಡುತ್ತಾರೆ.

ಮೂರು ವರ್ಷ ಏನು ಕಲಿಸ್ತಾರೆ?

ಮೊದಲು ಫಿಸಿಕ್ಸ್ ಮತ್ತು ರೇಡಿಯೋಬಯಾಲಜಿ. ಕಿರಣ ಜೀವಕೋಶಕ್ಕೆ ಏನು ಮಾಡುತ್ತದೆ, ಡೋಸನ್ನು ಯಾಕೆ ಸಣ್ಣ ಸಣ್ಣದಾಗಿ ಹಂಚುತ್ತೇವೆ ಎಂಬುದು ಇಲ್ಲಿ ತಿಳಿಯುತ್ತದೆ. ಕಾಫಿ ಹಣ್ಣನ್ನು ನಾವು ಒಂದೇ ಸಲಕ್ಕೆ ಕೊಯ್ಯುವುದಿಲ್ಲ, ಹಣ್ಣಾದದ್ದನ್ನು ನೋಡಿಕೊಂಡು ಸುತ್ತು ಸುತ್ತು ಕೊಯ್ಯುತ್ತೇವಲ್ಲ? ಕ್ಯಾನ್ಸರ್ ಕೋಶಗಳೂ ಎಲ್ಲ ಒಂದೇ ಹೊತ್ತಿಗೆ ಕಿರಣಕ್ಕೆ ಬಗ್ಗುವ ಸ್ಥಿತಿಗೆ ಬರುವುದಿಲ್ಲ. ಇವತ್ತು ತಪ್ಪಿಸಿಕೊಂಡದ್ದು ನಾಳೆಯ ಡೋಸ್‌ಗೆ ಸಿಗುತ್ತದೆ. ಆ ನಡುವಿನ ಹೊತ್ತಿನಲ್ಲಿ ಒಳ್ಳೆಯ ಕೋಶಗಳು ತಮ್ಮ ಗಾಯ ರಿಪೇರಿ ಮಾಡಿಕೊಳ್ಳುತ್ತವೆ.

ಆಮೇಲೆ ಒಂದೊಂದು ಅಂಗದ ಕ್ಯಾನ್ಸರ್, ಗೆರೆ ಎಳೆಯುವ ಅಭ್ಯಾಸ, ಬ್ರಾಕಿಥೆರಪಿ, ಕೀಮೋ, ನೋವು ನಿವಾರಣೆ. ಜೊತೆಗೆ ಒಂದು ಪ್ರಬಂಧ, ಲಾಗ್‌ಬುಕ್. ಕೊನೆಗೆ ನಾಲ್ಕು ಥಿಯರಿ ಪೇಪರ್, ರೋಗಿಗಳನ್ನು ನೋಡಿ ಹೇಳುವ ಪ್ರಾಕ್ಟಿಕಲ್, ವೈವಾ. ನಡುವೆ ಮೂರು ತಿಂಗಳು ಜಿಲ್ಲಾ ಆಸ್ಪತ್ರೆಯಲ್ಲಿ ಕೆಲಸ ಮಾಡಬೇಕು. ಇದನ್ನು ಕಾಟಾಚಾರಕ್ಕೆ ಕಳೆಯುವವರೇ ಹೆಚ್ಚು. ಆದರೆ ಕ್ಯಾನ್ಸರ್ ಮೊದಲು ಬಂದು ತಲೆ ತೋರಿಸುವುದು ಜಿಲ್ಲಾ ಆಸ್ಪತ್ರೆಯ ಒಪಿಡಿಯಲ್ಲಿ. ಅಲ್ಲಿ ಎಲ್ಲೆಲ್ಲಿ ತಡವಾಗುತ್ತದೆ ಎಂದು ಕಣ್ಣಾರೆ ನೋಡಲು ಇದಕ್ಕಿಂತ ಒಳ್ಳೆಯ ಅವಕಾಶ ಮತ್ತೆ ಸಿಗುವುದಿಲ್ಲ.

ದಿನಾ ಸಾವು ನೋಡ್ಬೇಕಲ್ವಾ? ತಡ್ಕೊಳ್ಳೋಕಾಗುತ್ತಾ?

ಸಾವು ನೋಡಬೇಕು. ಆದರೆ ಹೊರಗಿನವರು ಅಂದುಕೊಂಡಷ್ಟು ಬರೀ ಸಾವಿನ ವಿಭಾಗ ಇದಲ್ಲ. ಬೇಗ ಬಂದ ಗಂಟಲ ಪೆಟ್ಟಿಗೆಯ ಕ್ಯಾನ್ಸರನ್ನು ಆಪರೇಷನ್ ಇಲ್ಲದೆ, ದನಿ ಉಳಿಸಿಕೊಂಡೇ ಗುಣಪಡಿಸಬಹುದು. ಗರ್ಭಕೊರಳಿನ ಕ್ಯಾನ್ಸರ್ ಸ್ವಲ್ಪ ಮುಂದುವರಿದಿದ್ದರೂ ಗುಣವಾಗುವವರು ಎಷ್ಟೋ ಮಂದಿ. ಗುಣವಾಗದ ಹಂತದಲ್ಲೂ ಕೈಲಿ ಮಾಡುವುದಿದೆ. ಮೂಳೆಗೆ ಹರಡಿ ನೋವಿನಿಂದ ಮಲಗಲಾಗದವರಿಗೆ ಒಂದೇ ದಿನ 8 ಗ್ರೇ ಕೊಟ್ಟರೆ ಹತ್ತರಲ್ಲಿ ಆರು ಮಂದಿಗಾದರೂ ನೋವು ಇಳಿಯುತ್ತದೆ. ಮೂರು ವಾರ ಕಳೆದು ಅವರು 'ನಿದ್ದೆ ಬಂತು' ಎಂದು ಹೇಳಿದಾಗ ಆಗುವ ಸಂತೋಷಕ್ಕೆ ನಾನು ಬೇರೆ ಯಾವ ವಿಭಾಗವನ್ನೂ ಬದಲಿಗೆ ಕೇಳುವುದಿಲ್ಲ.

ಕಷ್ಟವಾಗುವುದು ಮಾತಾಡುವುದು. 'ಅಪ್ಪನಿಗೆ ಹೇಳ್ಬೇಡಿ ಡಾಕ್ಟ್ರೇ' ಎಂದು ಮಕ್ಕಳು ಬಾಗಿಲಲ್ಲೇ ತಡೆಯುತ್ತಾರೆ. ಅಪ್ಪ ಒಳಗೆ ಕೂತು 'ನನಗೆ ಗೊತ್ತಾಗಿದೆ, ಮಕ್ಕಳಿಗೆ ಹೇಳ್ಬೇಡಿ' ಅನ್ನುತ್ತಾರೆ. ಇಬ್ಬರನ್ನೂ ಒಂದೇ ಕೋಣೆಯಲ್ಲಿ ಕೂರಿಸಿ ನಿಧಾನವಾಗಿ ಮಾತಾಡುವುದನ್ನು ಯಾವ ಪುಸ್ತಕವೂ ಪೂರ್ತಿ ಕಲಿಸುವುದಿಲ್ಲ. ಒಳ್ಳೆಯ ಹಿರಿಯರ ಪಕ್ಕದಲ್ಲಿ ನಿಂತು ನೋಡಿ ಕಲಿಯಬೇಕು. ಮನಸ್ಸು ಭಾರವಾದಾಗ ಜೊತೆಯವರ ಹತ್ತಿರ ಹೇಳಿಕೊಳ್ಳಿ.

ಸ್ವಂತ ಕ್ಲಿನಿಕ್ ಹಾಕ್ಬಹುದಾ? ದುಡ್ಡು ಹೇಗೆ?

ಲಿನ್ಯಾಕ್‌ಗೆ ಹಲವು ಕೋಟಿ ರೂಪಾಯಿ ಬೇಕು. ಕಾಂಕ್ರೀಟ್ ಕೋಣೆ, ಫಿಸಿಸಿಸ್ಟ್, ಟೆಕ್ನಾಲಜಿಸ್ಟ್‌ಗಳು, ಅಣುಶಕ್ತಿ ನಿಯಂತ್ರಣ ಮಂಡಳಿಯ ಲೈಸೆನ್ಸ್ ಬೇರೆ. ಹಾಗಾಗಿ ಹೆಚ್ಚಿನವರು ಆಸ್ಪತ್ರೆಯಲ್ಲೇ ಕೆಲಸ ಮಾಡುತ್ತಾರೆ. ಬದುಕಿಗೆ ಕೊರತೆ ಇಲ್ಲ. ರಾತ್ರಿ ಎಮರ್ಜೆನ್ಸಿ ಬೇರೆ ವಿಭಾಗಗಳಿಗಿಂತ ಕಡಿಮೆ. ಸ್ವಂತ ಬೋರ್ಡು ಹಾಕಲೇಬೇಕು ಎನ್ನುವವರು ಬೇರೆ ವಿಷಯ ಆರಿಸಿಕೊಳ್ಳಿ.

## ಎಂಡಿಗೆ ಸೇರಿದವರಿಗೆ

ಮಳೆಗೆ ಘಾಟಿ ಬಂದ್ ಆಗಿ ರೋಗಿ ಬರದಿದ್ರೆ ಏನು ಮಾಡ್ಬೇಕು?

ಆಗಸ್ಟ್ 2018ರಲ್ಲಿ ಗುಡ್ಡ ಕುಸಿದು ರಸ್ತೆಗಳು ಮುಚ್ಚಿದ್ದನ್ನು ನೋಡಿದ ನಮಗೆ ಇದು ಬರೀ ಪರೀಕ್ಷೆಯ ಪ್ರಶ್ನೆಯಲ್ಲ. ತಲೆ-ಕತ್ತಿನ ಕ್ಯಾನ್ಸರ್‌ನಲ್ಲಿ ಚಿಕಿತ್ಸೆ ಒಂದು ದಿನ ಉದ್ದವಾದರೆ ರೋಗ ಹತೋಟಿಗೆ ಬರುವ ಸಾಧ್ಯತೆ ಸುಮಾರು ಶೇ. 1ರಷ್ಟು ಇಳಿಯುತ್ತದೆ. ಉಳಿದ ಕ್ಯಾನ್ಸರ್ ಕೋಶಗಳು ಆ ನಡುವೆ ಬೇಗ ಬೇಗ ಬೆಳೆಯುವುದೇ ಕಾರಣ. ಗರ್ಭಕೊರಳಿನ ಕ್ಯಾನ್ಸರ್‌ನಲ್ಲಿ ಬ್ರಾಕಿಥೆರಪಿಯೂ ಸೇರಿ ಎಂಟು ವಾರದೊಳಗೆ ಮುಗಿಸಬೇಕು.

ತಪ್ಪಿದ ದಿನವನ್ನು ಕೊನೆಗೆ ಸೇರಿಸಿದರೆ ಒಟ್ಟು ಅವಧಿ ಉದ್ದವಾಗುತ್ತದೆ, ಅದು ಕೊನೆಯ ಆಯ್ಕೆ. ಸಾಮಾನ್ಯವಾಗಿ ಚಿಕಿತ್ಸೆ ಇಲ್ಲದ ಶನಿವಾರ ಕೊಡಿ. ಇಲ್ಲವೇ ಒಂದೇ ದಿನ ಎರಡು ಸಲ, ನಡುವೆ ಕನಿಷ್ಠ ಆರು ಗಂಟೆ ಬಿಟ್ಟು ಕೊಡಿ. ಅದಕ್ಕಿಂತ ಮೊದಲೇ ಮಾಡಬಹುದಾದ್ದು ಒಂದಿದೆ. ಜೂನ್‌ನಿಂದ ಸೆಪ್ಟೆಂಬರ್‌ವರೆಗೆ ಕೊಡಗಿನ ರೋಗಿಗೆ ದಿನಾ ಹೋಗಿ ಬರುವ ಲೆಕ್ಕ ಹಾಕಲೇಬೇಡಿ. ನಮ್ಮ ಜಿಲ್ಲೆಗೆ ರೈಲೂ ಇಲ್ಲ. ಆಸ್ಪತ್ರೆ ಹತ್ತಿರ ಉಳಿಯುವ ವ್ಯವಸ್ಥೆಯನ್ನು ಚಿಕಿತ್ಸೆಯ ಪ್ಲ್ಯಾನ್ ಜೊತೆಗೇ ಮಾಡಿ.

ಕಡಿಮೆ ದಿನದಲ್ಲಿ ಮುಗಿಸಿದರೆ ಪರಿಣಾಮ ಒಂದೇನಾ?

ಇಲ್ಲಿ ಆಲ್ಫಾ-ಬೀಟಾ ಲೆಕ್ಕ ಕೈಗೆ ಬರಬೇಕು. ದಿನದ ಡೋಸ್ ಹೆಚ್ಚಿಸಿದರೆ ಆ ಅಂಗಾಂಶಕ್ಕೆ ಎಷ್ಟು ಪೆಟ್ಟು ಬೀಳುತ್ತದೆ ಎಂದು ತೋರಿಸುವ ಅಂಕಿ ಅದು; ಅಂಕಿ ಸಣ್ಣದಾದಷ್ಟೂ ಪೆಟ್ಟು ಹೆಚ್ಚು. ದಿನಕ್ಕೆ 2 ಗ್ರೇಯಂತೆ 30 ದಿನ, ಒಟ್ಟು 60 ಗ್ರೇ ಎಂದಿಟ್ಟುಕೊಳ್ಳಿ. ಗಡ್ಡೆಗೆ ಆಲ್ಫಾ-ಬೀಟಾ 10 ಹಿಡಿದರೆ ಪರಿಣಾಮದ ಅಂಕಿ 72. ಇದರ ಬದಲು 2.75 ಗ್ರೇಯಂತೆ 20 ದಿನ, ಒಟ್ಟು 55 ಗ್ರೇ ಕೊಟ್ಟರೆ ಸುಮಾರು 70. ಹೆಚ್ಚು ವ್ಯತ್ಯಾಸವಿಲ್ಲ. ಆದರೆ ವರ್ಷಗಳಾದ ಮೇಲೆ ಕಾಣುವ ತೊಂದರೆಗಳಿಗೆ 3 ಹಿಡಿದು ನೋಡಿ: ಮೊದಲನೆಯದರಲ್ಲಿ 100, ಎರಡನೆಯದರಲ್ಲಿ 105. ಲಾಭದ ಜೊತೆ ಬೆಲೆಯೂ ಇದೆ ಎಂದು ಈ ಎರಡು ಸಾಲು ತೋರಿಸುತ್ತವೆ.

ಎದೆಯ ಕ್ಯಾನ್ಸರ್‌ನಲ್ಲಿ ಕಡಿಮೆ ದಿನ ಸಾಕು ಎಂದು ದೊಡ್ಡ ಅಧ್ಯಯನಗಳೇ ತೋರಿಸಿವೆ. 15 ದಿನದಲ್ಲಿ 40 ಗ್ರೇ ಈಗ ರೂಢಿ. ಆಯ್ದ ರೋಗಿಗಳಿಗೆ 5 ದಿನದಲ್ಲಿ 26 ಗ್ರೇ ಕೂಡ ಕೊಡುತ್ತಾರೆ. ಕೊಯ್ಲಿನ ಕಾಲದಲ್ಲಿ ದಿನಗೂಲಿ ಬಿಟ್ಟು ಬರುವ ಸಿದ್ದಾಪುರದ ಹೆಂಗಸಿಗೆ ಹಿಂದಿನ ರೂಢಿಯ ಐದು ವಾರಕ್ಕೂ ಈ ಒಂದು ವಾರಕ್ಕೂ ಇರುವ ಅಂತರ ಎಷ್ಟೆಂದು ನೀವು ಊಹಿಸಬಲ್ಲಿರಿ.

ಎಂಡಿ ಆದ ಮೇಲೆ ಮುಂದೇನು? ವಿದೇಶಕ್ಕೆ ಹೋಗ್ಬಹುದಾ?

ಪಾಠ ಮಾಡುವ ಆಸೆ ಇದ್ದರೆ ಒಂದು ವರ್ಷ ಸೀನಿಯರ್ ರೆಸಿಡೆನ್ಸಿ ಮಾಡಿ, ಅಸಿಸ್ಟೆಂಟ್ ಪ್ರೊಫೆಸರ್ ಆಗಬಹುದು. ಬ್ರಾಕಿಥೆರಪಿ, ಮಕ್ಕಳ ಕ್ಯಾನ್ಸರ್ ಇಂಥವುಗಳಲ್ಲಿ ಫೆಲೋಶಿಪ್‌ಗಳಿವೆ. ನೀಟ್ ಎಸ್‌ಎಸ್ ಎಂಬ ಸೂಪರ್ ಸ್ಪೆಷಾಲಿಟಿ ಪರೀಕ್ಷೆ ಬರೆದು, ಔಷಧದಿಂದ ಕ್ಯಾನ್ಸರ್ ನೋಡುವ ಡಿಎಂ ಮೆಡಿಕಲ್ ಆಂಕಾಲಜಿಗೂ ಹೋಗಬಹುದು. ಬ್ರಿಟನ್‌ಗೆ ಹೋಗುವವರು ಕ್ಲಿನಿಕಲ್ ಆಂಕಾಲಜಿಯ ಎಫ್‌ಆರ್‌ಸಿಆರ್ ಎಂಬ ಅಲ್ಲಿನ ಪರೀಕ್ಷೆ ಬರೆಯುತ್ತಾರೆ. ಅಮೆರಿಕಕ್ಕಾದರೆ ತರಬೇತಿಯನ್ನು ಹೆಚ್ಚುಕಡಿಮೆ ಮೊದಲಿನಿಂದ ಮಾಡಬೇಕು.

ಎಐ ಬಂದು ಗೆರೆ ಎಳೆಯೋ ಕೆಲಸ ಹೋಗಲ್ವಾ?

ಅಂಗಗಳ ಗೆರೆಯನ್ನು ಈಗಲೇ ಸಾಫ್ಟ್‌ವೇರ್ ಎಳೆಯುತ್ತಿದೆ. ಒಳ್ಳೆಯದೇ ಆಯಿತು, ಗಂಟೆಗಟ್ಟಲೆ ಸಮಯ ಉಳಿಯುತ್ತದೆ. ಆದರೆ ಅದು ಎಳೆದದ್ದು ಸರಿಯೋ ತಪ್ಪೋ ಎಂದು ಹೇಳಲು ಕೈಯಾರೆ ಎಳೆದು ಕಲಿತವರೇ ಬೇಕು. ಕಲಿಯುವ ಮೂರು ವರ್ಷ ಆ ಬಟನ್ ಒತ್ತಬೇಡಿ.

ಮೆಷಿನ್ ಇಲ್ಲದೆ ಕೊಡಗಿಗೆ ವಾಪಸ್ ಬಂದು ಏನು ಮಾಡ್ಲಿ?

ತುಂಬಾ ಇದೆ. ಚಿಕಿತ್ಸೆ ಮುಗಿಸಿದವರು ಮೊದಲ ಎರಡು ವರ್ಷ ಎರಡು-ಮೂರು ತಿಂಗಳಿಗೊಮ್ಮೆ, ಆಮೇಲೆ ಐದು ವರ್ಷದವರೆಗೆ ಆರು ತಿಂಗಳಿಗೊಮ್ಮೆ ತೋರಿಸಿಕೊಳ್ಳಬೇಕು. ಅದಕ್ಕಾಗಿ ಮಡಿಕೇರಿಯಿಂದ ಮೈಸೂರಿಗೆ ಸುಮಾರು 120 ಕಿಲೋಮೀಟರ್ ಬಸ್ಸಿನಲ್ಲಿ ಬರುತ್ತಾರೆ. ಭಾಗಮಂಡಲ ಕಡೆಯವರಿಗೆ ಅದಕ್ಕೆ ಮೊದಲೇ ಇನ್ನೊಂದು ಬಸ್ಸು. ಎಷ್ಟೋ ಮಂದಿ ಎರಡನೇ ಸಲ ಬರುವುದೇ ಇಲ್ಲ. ರೋಗ ಮರಳಿದ್ದು ನಮಗೆ ತಿಳಿಯುವಾಗ ಕೈ ಮೀರಿರುತ್ತದೆ.

ಮಡಿಕೇರಿಯಲ್ಲೋ, ವಿರಾಜಪೇಟೆಯಲ್ಲೋ ತಿಂಗಳಿಗೆರಡು ದಿನ ಒಬ್ಬ ರೇಡಿಯೇಷನ್ ಡಾಕ್ಟರ್ ಕೂತರೆ ಈ ತಪಾಸಣೆಯಲ್ಲಿ ಹೆಚ್ಚಿನದ್ದು ಇಲ್ಲೇ ಆಗುತ್ತದೆ. ಬಾಯಿಯ ಬಿಳಿ ಮಚ್ಚೆ, ವಾಸಿಯಾಗದ ಹುಣ್ಣು ಹುಡುಕುವುದಕ್ಕೆ ಟಾರ್ಚ್ ಸಾಕು, ಕಲಿತ ಕಣ್ಣು ಬೇಕು. ನೋವಿಗೆ ಮಾರ್ಫಿನ್ ಮಾತ್ರೆ ಇಡಲು ಬೇಕಾಗಿದ್ದ ಹಲವು ಲೈಸೆನ್ಸುಗಳ ತೊಡಕನ್ನು 2014ರ ಕಾನೂನು ತಿದ್ದುಪಡಿ ಸಡಿಲ ಮಾಡಿದೆ. ಆಸ್ಪತ್ರೆ ಮಾನ್ಯತೆ ಪಡೆದು, ತರಬೇತಾದ ಡಾಕ್ಟರ್ ಇದ್ದರೆ ಮಾತ್ರೆ ಊರಲ್ಲೇ ಸಿಗುತ್ತದೆ. ಕಷ್ಟದ ಕೇಸನ್ನು ದೇಶದ ಕ್ಯಾನ್ಸರ್ ಆಸ್ಪತ್ರೆಗಳ ಜಾಲವಾದ ನ್ಯಾಷನಲ್ ಕ್ಯಾನ್ಸರ್ ಗ್ರಿಡ್‌ನ ಆನ್‌ಲೈನ್ ಸಭೆಯಲ್ಲಿ ದೇಶದ ತಜ್ಞರ ಮುಂದೆ ಇಡಬಹುದು.

ಇವೆಲ್ಲ ಒಬ್ಬರಿಂದ ಆಗದಿದ್ದರೆ ನಾಲ್ಕು ಮಂದಿ ಸರದಿ ಹಾಕಿಕೊಂಡು ಮಾಡಬಹುದು. ಮೈಸೂರು, ಮಂಗಳೂರು, ಬೆಂಗಳೂರಿನಲ್ಲಿರುವ ಕೊಡಗಿನ ರೇಡಿಯೇಷನ್ ಡಾಕ್ಟರುಗಳು ತಮ್ಮ ಆಸ್ಪತ್ರೆಯ ಒಪ್ಪಿಗೆ ಪಡೆದು, ಜಿಲ್ಲಾ ಆಸ್ಪತ್ರೆಯಲ್ಲಿ ಒಂದು ಕೋಣೆ ಕೇಳಿದರೆ ಶುರು ಮಾಡಲು ಅಷ್ಟು ಸಾಕು.